ಅಲ್ಲಪ್ಪನ ನಂಬರು

ದಾನೇಶ್ವರಿ ಮೇಡಂ ಕೇಳುತ್ತಿದ್ದ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಮೊಬೈಲಿನ ಪರದೆಯ ಮೇಲಿಂದ ಒಂದು ಪಟ್ಟಿ ಇಳಿದು ಅವರ ಹಣೆ, ಕನ್ನಡಕ ಎರಡನ್ನೂ ಮುಚ್ಚಿತು. ‘ಅಲ್ಲಪ್ಪ ಲೈನ್‌ಮನ್ ಕೌಜಲಗಿ’ ಎಂದು ಅದರಲ್ಲಿ ಬರೆದಿತ್ತು.

ಓಂಕಾರ ಕೈ ಚಾಚಲಿಲ್ಲ. ಫೋನಿನ ಸದ್ದನ್ನು ಅವನು ಬಂದ್ ಮಾಡಿ ವರ್ಷದ ಮೇಲಾಗಿತ್ತು. ಆದರೆ ಅದರ ನಡುಕ ಉಳಿದಿತ್ತು. ಜೋಳದ ಚೀಲಕ್ಕೆ ಒರಗಿಸಿ ನಿಲ್ಲಿಸಿದ್ದ ಫೋನು ಗುರುಗುಡುತ್ತ ಬೆರಳಗಲ ಸರಿಯಿತು, ಇನ್ನಷ್ಟು ಸರಿಯಿತು, ಕಡೆಗೆ ಅಂಗಾತ ಬಿತ್ತು. ಬಿದ್ದ ಮೇಲೂ ನಡುಗುತ್ತಲೇ ಇತ್ತು. ಅವನು ಗೋಡೆಗೆ ಬೆನ್ನು ಹಚ್ಚಿ, ಅದು ತಾನಾಗಿ ಸುಮ್ಮನಾಗುವವರೆಗೆ ಕುಳಿತ.

ಅಲ್ಲಪ್ಪ ಸತ್ತು ಹದಿನಾಲ್ಕು ತಿಂಗಳಾಗಿತ್ತು.

“ಓಂಕಾರ ಸರ್, ನನಗ ಬರೇ ಮ್ಯಾಲಿನ ತೊಲಿ ಕಾಣಾಕತ್ತಾವು. ಅದೀರೇನ್ರಿ?” ಎಂದು ಫೋನಿನೊಳಗಿಂದ ಮೇಡಂ ಕರೆದರು.

ಅವನು ಫೋನನ್ನು ಎತ್ತಿ ಮತ್ತೆ ಚೀಲಕ್ಕೆ ಒರಗಿಸಿದ. ಮೂಡಲಗಿಯ ಆ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಲು ಇದ್ದದ್ದು ಈ ಮಾಳಿಗೆ ಕೋಣೆಯೊಂದೇ. ಭಾನುವಾರ ಹನ್ನೊಂದು ಗಂಟೆಗೆ ಬೆಳಗಾವಿಯಿಂದ ಆಪ್ತಸಮಾಲೋಚಕಿ ದಾನೇಶ್ವರಿ ಮೇಡಂ ಪರದೆಯ ಮೇಲೆ ಬರುತ್ತಿದ್ದರು. ಇದು ಮೂರನೆಯ ಭಾನುವಾರ.

“ಒಂದು ಫೋನ್ ಬಂದಿತ್ರಿ ಮೇಡಂ.”

“ಎತ್ತೂದಿದ್ರ ಎತ್ರಿ. ನಾ ಕಾಯತೇನಿ.”

“ಬ್ಯಾಡ್ರಿ. ಅದು ಎತ್ತೂ ಫೋನ್ ಅಲ್ಲ.”

ಮೇಡಂ ತಲೆ ತಗ್ಗಿಸಿ ಏನೋ ಬರೆದುಕೊಂಡರು. ಯಾರ ಫೋನು ಎಂದು ಕೇಳಲಿಲ್ಲ. ಅವರ ಈ ಗುಣವೇ ಓಂಕಾರನಿಗೆ ಹಿಡಿಸಿದ್ದು. ಮೊದಲ ದಿನವೇ ಅವರು ಹೇಳಿದ್ದರು: “ಹಿಂದ ಏನಾತು ಅನ್ನೂದನ್ನ ಹೇಳಬೇಕು ಅನಿಸಿದ್ರ ಹೇಳ್ರಿ. ಇಲ್ಲಾಂದ್ರ ಬ್ಯಾಡ. ನಾನು ಕೆದಕಾಂಗಿಲ್ಲ. ಮುಂದ ಏನಾಗಬೇಕು, ಅದನ್ನ ನೋಡೂಣು.” ಆ ಮಾತು ಕೇಳಿ ಅವನಿಗೆ ಹೋದ ಜೀವ ಬಂದಂತಾಗಿತ್ತು. ಹೆಂಡತಿ ಪೂನಮ್ ಹಟ ಹಿಡಿದು ಈ ಮೇಡಂರನ್ನು ಹುಡುಕಿ, ದಿನ ಗೊತ್ತು ಮಾಡಿದಾಗ ಎಲ್ಲವನ್ನೂ ಬಾಯಿ ಬಿಡಿಸುತ್ತಾರೆಂದು ಅವನು ಹೆದರಿದ್ದ. ಅವರು ಕೇಳುತ್ತಿದ್ದದ್ದು ಬೇರೆಯೇ. ಹತ್ತು ಎಂದರೆ ಎಲ್ಲ ಸರಿ, ಸೊನ್ನೆ ಎಂದರೆ ಏನೂ ಸರಿಯಿಲ್ಲ, ಇವತ್ತು ಎಷ್ಟರ ಮೇಲಿದ್ದೀರಿ? ಅವನು ಪ್ರತಿಸಲ ಮೂರು ಎನ್ನುತ್ತಿದ್ದ. ಮೂರು ಎಂದರೆ ಸೊನ್ನೆಯಲ್ಲವಲ್ಲ, ಆ ಮೂರನ್ನು ಹೇಗೆ ಉಳಿಸಿಕೊಂಡಿರಿ ಎಂದು ಅವರು ಕೇಳಿದ್ದರು. ಮಗಳು ಆಮ್ರಪಾಲಿಗೆ ದಿನಾ ಬೆಳಿಗ್ಗೆ ತಾನೇ ಜಡೆ ಹೆಣೆಯುತ್ತೇನೆಂದೂ ಆ ಹತ್ತು ನಿಮಿಷ ಎದೆ ಹಗುರವಾಗಿರುತ್ತದೆಂದೂ ಅವನು ಹೇಳಿದ್ದ. ಮೇಡಂ ಅದನ್ನೂ ಬರೆದುಕೊಂಡಿದ್ದರು.

“ನಾ ಅರ್ಧಕ್ಕ ನಿಲ್ಲಿಸಿದ್ನಿ,” ಎಂದು ಮೇಡಂ ಈಗ ಮತ್ತೆ ಶುರು ಮಾಡಿದರು. “ಇದು ಸ್ವಲ್ಪ ವಿಚಿತ್ರ ಪ್ರಶ್ನಿ ಐತಿ. ಇವತ್ತ ನೀವು ಮಲಗೀರಿ ಅಂತ ತಿಳ್ಕೋರಿ. ನಿದ್ದಿಯೊಳಗಿದ್ದಾಗ ಏನೋ ಒಂದು ಪವಾಡ ಆಗಿ ನಿಮ್ಮ ತ್ರಾಸೆಲ್ಲ ಹೋಗಿಬಿಡತೈತಿ. ಅದು ನಿಮಗ ಗೊತ್ತಿಲ್ಲ, ನೀವು ನಿದ್ದಿ ಮಾಡಾಕತ್ತಿದ್ರಿ. ಮುಂಜಾನೆ ಎದ್ದಾಗ ಯಾವ ಸಣ್ಣ ಗುರುತಿಂದ ನಿಮಗ ಅದು ತಿಳೀತೈತಿ?”

“ಫೋನ್ ಬರಂಗಿಲ್ರಿ.”

“ಅದು ಮಾಡೋರ ಕೈಯಾಗ ಐತಿ. ನಾ ನಿಮ್ಮ ಬಗ್ಗೆ ಕೇಳಾಕತ್ತೇನಿ. ನೀವು ಏನ್ ಮಾಡತಿರ್ತೀರಿ?”

ಕೆಳಗೆ ಪೂನಮ್ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

“ಎತ್ತತಿರ್ತೇನಿ,” ಎಂದ. ಆ ಮಾತು ತನ್ನ ಬಾಯಿಂದ ಬಂತೆಂದು ಅವನಿಗೇ ನಂಬಿಕೆಯಾಗಲಿಲ್ಲ.

“ಎತ್ತಿ?”

“ಯಾರು ಮಾತಾಡೋದು ಅಂತ ಕೇಳತೇನಿ.”

ಹಾಗೆಂದವನೇ ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಓಂಕಾರ ಹುಕ್ಕೇರಿ ತಾಲೂಕಿನ ಘೋಡಗೇರಿಯವನು. ಅಪ್ಪ ಕೇದಾರಿ ಊರವರ ಹೊಲಗಳಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದ್ದ. ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್ ಕೆಲಸದ ಆದೇಶ ಬಂದ ದಿನ ಆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು, ಅದರ ನಕಲೊಂದಕ್ಕೆ ಕಟ್ಟು ಹಾಕಿಸಿ ಬಾಬಾಸಾಹೇಬರ ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದ. ಆ ಮನೆತನದಲ್ಲಿ ಸರ್ಕಾರಿ ಪಗಾರ ಎಣಿಸಿದವನು ಓಂಕಾರನೇ ಮೊದಲಿಗ.

ಸ್ಟೇಷನ್ನು ಕೌಜಲಗಿಯ ಆಚೆ ಕಬ್ಬಿನ ಹೊಲಗಳ ನಡುವೆ ಇತ್ತು. ಕೆಲಸ ಕಷ್ಟದ್ದಲ್ಲ, ಎಚ್ಚರದ್ದು. ಕಂಬ ಏರುವ ಲೈನ್‌ಮನ್ ಮೊದಲು ಫೋನ್ ಮಾಡಿ ತನ್ನ ಲೈನಿನ ಕರೆಂಟು ಬಂದ್ ಮಾಡಿಸಬೇಕು. ಆಪರೇಟರ್ ಬಂದ್ ಮಾಡಿ, ಅವನ ಹೆಸರನ್ನೂ ಹೊತ್ತನ್ನೂ ಪುಸ್ತಕದಲ್ಲಿ ಬರೆದು, ಏರು ಎನ್ನಬೇಕು. ಕೆಲಸ ಮುಗಿಸಿ ಇಳಿದ ಮೇಲೆ ಅದೇ ಲೈನ್‌ಮನ್ ಮತ್ತೆ ಫೋನ್ ಮಾಡಿ, ಹೆಸರು ಹೇಳಿ, ಲೈನನ್ನು ವಾಪಸ್ ಕೊಡಬೇಕು. ಅಲ್ಲಿಯವರೆಗೆ ಕರೆಂಟು ಹರಿಸುವ ಬ್ರೇಕರ್ ಮುಟ್ಟುವಂತಿಲ್ಲ.

ಹೋದ ವರ್ಷದ ಆಷಾಢದ ಗಾಳಿಗೆ ಒಂದೇ ಲೈನಿನ ಮೇಲೆ ಎರಡು ಕಡೆ ಟೊಂಗೆ ಮುರಿದು ಬಿದ್ದಿದ್ದವು. ಅಲ್ಲಪ್ಪ ಫೋನ್ ಮಾಡಿ ಲೈನು ಬಂದ್ ಮಾಡಿಸಿಕೊಂಡ. ಓಂಕಾರ ಪುಸ್ತಕದಲ್ಲಿ ಬರೆದ. ಅರ್ಧ ತಾಸಿನ ಮೇಲೆ ಗುತ್ತಿಗೆಯ ಲೈನ್‌ಮನ್ ದುಂಡೇಶ ಫೋನ್ ಮಾಡಿ, ಹೇಗೂ ಲೈನು ಬಂದ್ ಇದೆ, ಇತ್ತಲಿನ ಕೆಲಸವನ್ನು ನಾನೂ ಮುಗಿಸಿಕೊಳ್ಳುತ್ತೇನೆ ಎಂದ. ಆಯಿತು ಎಂದ ಓಂಕಾರ ಅದನ್ನು ಬರೆಯಲಿಲ್ಲ. ಆಮೇಲೆ ಬರೆದರಾಯಿತು ಎಂದುಕೊಂಡ. ಹನ್ನೆರಡೂಕಾಲರ ಹೊತ್ತಿಗೆ ಸ್ಟೇಷನ್ನಿನ ಹಳೆಯ ಫೋನು ಮತ್ತೆ ಹೊಡೆದುಕೊಂಡಿತು. ಯಾರ ನಂಬರೂ ಕಾಣದ ಫೋನು ಅದು. ಒಳಗೆ ಗಾಳಿಯ ಸದ್ದು, ಗಾಳಿಯ ನಡುವೆ ಒಂದು ದನಿ: “ಆತ್ರಿ ಸರ, ಲೈನ್ ಕೊಡ್ರಿ.”

ಯಾರೆಂದು ಅವನು ಕೇಳಲಿಲ್ಲ. ಅಲ್ಲಪ್ಪ ಲೈನ್ ವಾಪಸ್ ಕೊಟ್ಟ ಎಂದು ಬರೆದು, ಬ್ರೇಕರ್ ಹಾಕಿದ. ಹಾಕಿದ ಕ್ಷಣವೇ ಅದು ಢಬ್ ಎಂದು ತಾನಾಗಿ ಬಂದ್ ಆಯಿತು. ಆ ಸದ್ದಿನಲ್ಲೇ ಅವನಿಗೆ ಎಲ್ಲ ಗೊತ್ತಾಯಿತು. ಕಂಬದ ಮೇಲೆ ಇನ್ನೂ ಯಾರೋ ಇದ್ದರು.

ಸಂಜೆ ದುಂಡೇಶ ಬಂದು ಸ್ಟೇಷನ್ನಿನ ಹಿಂದಿನ ಬೇವಿನ ಮರದಡಿ ನಿಂತ. ತುಟಿ ಬಿಳಿಚಿದ್ದವು. “ಸರ, ಫೋನ್ ಮಾಡಿದಾಂವ ನಾ ರಿ,” ಎಂದ. “ನಂದು ಖಾಯಂ ನೌಕರಿ ಅಲ್ರಿ ಸರ.” ಓಂಕಾರ ಏನೂ ಹೇಳಲಿಲ್ಲ. ವಿಚಾರಣೆಗೆ ಬಂದ ಸಾಹೇಬರು ಪುಸ್ತಕ ತೆರೆದು ನೋಡಿದಾಗಲೂ ಏನೂ ಹೇಳಲಿಲ್ಲ. ಕೆಲಸ ಮುಗಿಸಿ ಲೈನ್ ವಾಪಸ್ ಕೊಟ್ಟ ಮೇಲೆ ಅಲ್ಲಪ್ಪ ಯಾರಿಗೂ ತಿಳಿಸದೆ ಪುನಃ ಕಂಬ ಏರಿದ್ದೇ ಅವಘಡಕ್ಕೆ ಕಾರಣವೆಂದು ವರದಿಯಾಯಿತು. ಮರೆತ ಇಕ್ಕಳವನ್ನೋ ಹಗ್ಗವನ್ನೋ ತರಲು ಏರಿರಬೇಕು ಎಂದರು. ಓಂಕಾರನನ್ನು ಹುಕ್ಕೇರಿಯ ಕಚೇರಿಗೆ ವರ್ಗ ಮಾಡಿದರು. ದುಂಡೇಶ ಕೆಲಸ ಬಿಟ್ಟು ಇಚಲಕರಂಜಿಯ ಮಗ್ಗಗಳ ಕಡೆ ಹೋದನಂತೆ. ಅವನ ಫೋನು ಆಮೇಲೆ ಹತ್ತಲಿಲ್ಲ.

ಹತ್ತಿದ್ದು ಅಲ್ಲಪ್ಪನ ಫೋನು.

ಮಣ್ಣು ಮಾಡಿದ ಹದಿಮೂರನೆಯ ದಿನ ಓಂಕಾರನ ಮೊಬೈಲಿನ ಮೇಲೆ ಅವನ ಹೆಸರು ಮೊದಲ ಸಲ ಮೂಡಿತು. ಅಲ್ಲಪ್ಪನ ಫೋನು ಈಗ ಅವನ ಹೆಂಡತಿಯ ಬಳಿ ಇದೆ, ಅವಳೇ ಮಾಡುತ್ತಿದ್ದಾಳೆ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಪರದೆಯ ಮೇಲೆ ಬಂದ ಹೆಸರು ಬುದ್ಧಿಯ ಮಾತು ಕೇಳುವಂಥದ್ದಲ್ಲ. ವಾರಕ್ಕೊಮ್ಮೆ, ಕೆಲವು ಸಲ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಆ ನಂಬರನ್ನು ಅಳಿಸಿಹಾಕಲು ಅವನು ಎರಡು ಸಲ ಬೆರಳು ಎತ್ತಿ, ಎರಡು ಸಲವೂ ಇಳಿಸಿದ್ದ. ಸತ್ತವನನ್ನು ಇನ್ನೊಮ್ಮೆ ಎಲ್ಲಿಂದಲೋ ತಳ್ಳಿದಂತೆ ಅನಿಸುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಆ ದನಿ. ‘ಆತ್ರಿ ಸರ, ಲೈನ್ ಕೊಡ್ರಿ’ ಎಂದದ್ದು ದುಂಡೇಶ. ಅದು ಓಂಕಾರನಿಗೆ ಚೆನ್ನಾಗಿ ಗೊತ್ತು. ಆದರೆ ತಿಂಗಳು ಕಳೆದಂತೆ ಅವನ ಕಿವಿಯಲ್ಲಿ ಆ ಮಾತು ಅಲ್ಲಪ್ಪನ ದನಿಗೆ ಹೊರಳಿತು. ಅಲ್ಲಪ್ಪ ಎಂದೂ ಆಡದ ಮಾತು ಅವನದೇ ಗಡಸು ಗಂಟಲಿನಲ್ಲಿ ಕೇಳಿಸತೊಡಗಿತು. ಬಸ್ಸಿನ ಕಿಟಕಿಯ ಗಾಳಿಯಲ್ಲಿ ಕೇಳಿಸಿತು, ಗಿರಣಿಯ ಪಟ್ಟೆಯ ಸದ್ದಿನಲ್ಲಿ ಕೇಳಿಸಿತು. ಒಂದು ದಿನ ಆಮ್ರಪಾಲಿ ಆಟಿಕೆಯ ಫೋನನ್ನು ಕಿವಿಗೆ ಹಿಡಿದು ‘ಆತ್ರಿ, ಆತ್ರಿ’ ಎಂದಾಗ ಅದನ್ನು ಕಸಿದು ಅಟ್ಟದ ಮೇಲೆ ಎಸೆದ. ಮಗು ಅತ್ತಿತು. ಪೂನಮ್ ಅವನ ಮುಖವನ್ನೇ ನೋಡಿದಳು. ಅವನು ಅವಳ ಪಕ್ಕದಲ್ಲಿ ಮಲಗುವುದನ್ನು ಬಿಟ್ಟು ಆಗಲೇ ಅರ್ಧ ವರ್ಷವಾಗಿತ್ತು.

ಮೇಡಂ ಆ ಪ್ರಶ್ನೆ ಕೇಳಿದ ಮೂರು ದಿನಕ್ಕೆ, ಬುಧವಾರ, ಸಂಜೆ ಐದರ ಹೊತ್ತಿಗೆ, ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಫೋನು ಮತ್ತೆ ನಡುಗಿತು. ಹುಕ್ಕೇರಿಯಿಂದ ಬಂದಿಳಿದು ಅವನು ಮೂಡಲಗಿಯ ಬಸ್ಸಿಗೆ ಕಾಯುತ್ತಿದ್ದ. ಸಾಲಿ ಬಿಟ್ಟ ಹುಡುಗಿಯರು, ಕರದಂಟಿನ ಡಬ್ಬಿ ಹಿಡಿದ ಪರವೂರಿನವರು, ಧೂಳು. ಅಲ್ಲಪ್ಪನ ಹೆಸರು ಅಂಗೈಯಲ್ಲಿ ಮಿನುಗುತ್ತಿತ್ತು. ಓಂಕಾರ ಒಂದು ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಹಿಡಿದ.

“ಯಾರ್ರೀ ಮಾತಾಡೋರು?”

ಎತ್ತುತ್ತಾರೆಂದು ಆ ಕಡೆಯೂ ಯಾರೂ ಎಣಿಸಿರಲಿಲ್ಲ.

“ಎತ್ತಿದ್ರೇನ್ರಿ,” ಎಂದಿತು ಒಂದು ಹೆಣ್ಣುದನಿ. “ನಾ ಕಾಶೆವ್ವ ರಿ. ಕೌಜಲಗಿ ಲೈನ್‌ಮನ್ರ ಮನಿಯಾಕಿ.”

“ಹೇಳ್ರಿ ಅಕ್ಕಾರ.”

“ನಿಮಗ ತ್ರಾಸ ಕೊಡಬೇಕಂತಲ್ರಿ ಸರ. ಮನ್ಯಾಗ ಯಾರೂ ಇಲ್ಲದಾಗ ಮಾಡತಿದ್ನಿ. ಒಂದು ಮಾತು ಕೇಳೂದಿತ್ತು.” ಅವಳು ಉಸಿರು ತೆಗೆದುಕೊಂಡಳು. “ಸಾಹೇಬ್ರು ಕಾಗದಾ ಓದಿ ಹೇಳಿದ್ರು. ಕಡೀಕ ಅವರು ನಿಮಗ ಫೋನ್ ಮಾಡಿ ಕೆಲಸಾ ಮುಗೀತು ಅಂದ್ರಂತ. ಅಷ್ಟ ಅಂದ್ರೋ, ಮತ್ತೇನರ ಅಂದ್ರೋ?”

ಓಂಕಾರ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ಅವತ್ತ ಉಣ್ಣದ ಹೋಗಿದ್ರು ರಿ. ಮುಂಜಾನೆ ಇಬ್ರಿಗೂ ಮಾತಿಗೆ ಮಾತು ಬೆಳೆದಿತ್ತು. ಅವರ ದನಿ ಹೆಂಗಿತ್ತು ರಿ? ಸಿಟ್ಟಿಲೇ ಇತ್ತೇನು?”

ನಗುತ್ತಲೇ ಮಾತಾಡಿದರು ಅಕ್ಕಾರ ಎನ್ನುವುದು ಎಷ್ಟು ಸುಲಭವಿತ್ತು. ಆ ಮಾತು ಹಲ್ಲಿನ ಹಿಂದೆಯೇ ಬಂದು ನಿಂತಿತ್ತು. ಅವಳ ಎದೆ ತಂಪಾಗುತ್ತಿತ್ತು. ಫೋನು ಮತ್ತೆ ಬರುತ್ತಿರಲಿಲ್ಲ. ಕಂಡಕ್ಟರನೊಬ್ಬ ಅವನ ಕಿವಿಯ ಪಕ್ಕದಲ್ಲೇ ಯರಗಟ್ಟಿ, ಯರಗಟ್ಟಿ ಎಂದು ಕೂಗುತ್ತ ಹೋದ.

“ಫೋನಿನಾಗ ಬ್ಯಾಡ್ರಿ ಅಕ್ಕಾರ,” ಎಂದ ಓಂಕಾರ. “ಈ ಐತಾರ ಬಿಟ್ಟು ಮುಂದಿನ ಐತಾರ ನಾ ಮನಿಗೆ ಬರ್ತೇನಿ.”

ನಾಲ್ಕನೆಯ ಭಾನುವಾರ ಮಾಳಿಗೆ ಏರುವ ಮುನ್ನ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. “ಪೂನಮ್, ನೀನೂ ಬಾ. ಕುಂದರು.”

ಅವಳ ಕೈಗೆ ಹಿಟ್ಟು ಮೆತ್ತಿತ್ತು. ಒರೆಸಿಕೊಳ್ಳದೆ ಹಾಗೆಯೇ ಹಿಂದೆ ಬಂದಳು. ಪರದೆಯ ಮೇಲೆ ಇಬ್ಬರನ್ನು ಕಂಡು ದಾನೇಶ್ವರಿ ಮೇಡಂ “ಬರ್ರಿ ಅಕ್ಕಾರ” ಎಂದಷ್ಟೇ ಹೇಳಿದರು. ಓಂಕಾರ ಇಬ್ಬರ ಮುಖವನ್ನೂ ನೋಡದೆ, ತೊಲೆಗೆ ತೂಗುಬಿಟ್ಟ ಮೆಣಸಿನಕಾಯಿಯ ಸರವನ್ನು ನೋಡುತ್ತ ಎಲ್ಲವನ್ನೂ ಹೇಳಿದ. ಬರೆಯದೆ ಬಿಟ್ಟ ಹೆಸರನ್ನು ಹೇಳಿದ, ಬರೆದ ಹೆಸರನ್ನು ಹೇಳಿದ, ಬೇವಿನ ಮರದಡಿ ದುಂಡೇಶ ಆಡಿದ್ದನ್ನು ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಕಾಶೆವ್ವ ಕೇಳಿದ್ದನ್ನೂ ಹೇಳಿದ.

ನಿಮ್ಮ ತಪ್ಪಲ್ಲ ಬಿಡ್ರಿ ಎಂದು ಮೇಡಂ ಹೇಳಬಹುದೆಂದು ಅವನು ಕಾದ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಅದನ್ನು ಹೇಳಲಿಲ್ಲ.

ಮೊದಲು ಮಾತಾಡಿದವಳು ಪೂನಮ್. “ಆ ಫೋನ್ ಬಂದಾಗೆಲ್ಲಾ ನೀವು ಮಾರಿ ತಿರುವತಿದ್ರಿ. ಯಾರೋ ಹೆಣ್ಣಮಗಳು ಅದಾಳಂತ ತಿಳದಿದ್ನಿ. ಅದಕ್ಕ ಈ ಮೇಡಂನ್ನ ಹುಡುಕಿದ್ನಿ.” ನಗಲು ಹೋದಳು, ಆಗಲಿಲ್ಲ. “ಖರೇನ ಹೆಣ್ಣಮಗಳು ಇದ್ಲು ನೋಡ್ರಿ.”

“ಓಂಕಾರ ಸರ್,” ಎಂದರು ಮೇಡಂ, ನಿಧಾನವಾಗಿ. “ಹಿಂದಿಂದನ್ನ ನಾ ಕೆದಕಾಂಗಿಲ್ಲ ಅಂತ ಹೇಳಿದ್ನಿ. ಆದ್ರ ಇದು ಹಿಂದಿಂದಲ್ಲ. ಇನ್ನಾ ನಡದೈತಿ.”

ಅವನು ಹೌದೆಂದು ತಲೆ ಆಡಿಸಿದ.

“ಇವತ್ತ ಹತ್ತರಾಗ ಎಷ್ಟು ಅಂತ ಕೇಳೂದಿಲ್ಲ. ಆಕಿ ಮುಂದ ಕುಂತಾಗ ನಿಮ್ಮ ಮೊದಲನೇ ಮಾತು ಯಾವುದು?”

“ಆ ಫೋನ್ ಅವರದಲ್ಲ ಅಂತ.”

“ಎರಡನೇದು?”

“ಗೊತ್ತಿಲ್ರಿ.”

“ಗೊತ್ತಿರದಿದ್ರೂ ನಡೀತೈತಿ. ಮೊದಲನೇದು ಗೊತ್ತೈತಲ್ಲ.”

“ಮತ್ತ ನೌಕರಿ?” ಎಂದಳು ಪೂನಮ್. ಮೇಡಂ ಅವಳ ಕಡೆ ತಿರುಗಿ, “ಅದನ್ನ ನೀವಿಬ್ರು ಕುಂತು ಮಾತಾಡ್ಬೇಕ್ರಿ ಅಕ್ಕಾರ. ಅದಕ್ಕ ಉತ್ತರಾ ನಾ ಕೊಡಾಕ ಬರಾಂಗಿಲ್ಲ,” ಎಂದರು.

ಎರಡು ದಿನ ಪೂನಮ್ ಮಾತಾಡಲಿಲ್ಲ. ಓಂಕಾರ ಮೇಲಧಿಕಾರಿಗಳಿಗೆ ನಿಜ ತಿಳಿಸುವ ಒಂದು ಅರ್ಜಿ ಬರೆದ, ಹರಿದ, ಮತ್ತೆ ಬರೆದ. ಬರೆದದ್ದನ್ನು ಅವಳ ಹೊಲಿಗೆಯಂತ್ರದ ಮೇಲೆ ಇಟ್ಟ. ಬುಧವಾರ ಬೆಳಿಗ್ಗೆ ಅವಳು ಅವನ ಮುಂದೆ ತಟ್ಟೆ ಇಟ್ಟು, ತಾನೂ ಎದುರಿಗೆ ಕುಳಿತಳು.

“ಓದಿದ್ನಿ,” ಎಂದಳು. “ಮೊದಲ ಆಕಿಗೆ ಹೇಳ್ರಿ. ಕಾಗದಾ ಆಮ್ಯಾಲ ಕೊಡ್ರಿ.”

“ಹೂಂ.”

“ಘೋಡಗೇರಿಗೆ ಹೋಗಿ ಮಾವನವರಿಗೂ ನೀವ ಹೇಳ್ಬೇಕು. ನಾ ಹೇಳಾಂಗಿಲ್ಲ.”

ಅವನು ಅವಳ ಕೈ ಹಿಡಿದುಕೊಂಡ. ಅವಳು ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಕೌಜಲಗಿಯ ಆ ಓಣಿಗೆ ಓಂಕಾರ ಹಿಂದೆ ಒಮ್ಮೆ ಮಾತ್ರ ಬಂದಿದ್ದ, ಮಣ್ಣಿನ ದಿನ, ಗುಂಪಿನ ಹಿಂದೆ. ಮಾತು ಕೊಟ್ಟಿದ್ದ ಭಾನುವಾರ ಒಬ್ಬನೇ ಬಂದ. ಬೈಕು ನಿಲ್ಲಿಸಿ ಹೊಸ್ತಿಲಿನ ಮುಂದೆ ನಿಂತ. ಅಪ್ಪ ಇಂಥ ಮನೆಗಳ ಅಂಗಳದಲ್ಲೇ ನಿಂತು ಮಾತಾಡಿ ಬರುತ್ತಿದ್ದ. ಆ ಹಳೆಯ ಹಿಂಜರಿಕೆಗೆ ಇಂದಿನದೂ ಸೇರಿಕೊಂಡು ಕಾಲು ಏಳಲಿಲ್ಲ.

“ಬಿಸಲಾಗ ಯಾಕ ನಿಂತ್ರಿ? ಒಳಗ ಬರ್ರಿ,” ಎಂದಳು ಕಾಶೆವ್ವ.

ಅವನು ಎಣಿಸಿದ್ದಕ್ಕಿಂತ ಅವಳು ಚಿಕ್ಕವಳು, ಮೂವತ್ತೈದರ ಒಳಗಿನವಳು. ಪಡಸಾಲೆ ಆಗಷ್ಟೇ ಸಾರಿಸಿತ್ತು. ಗೋಡೆಯ ಮೇಲೆ ಒಂದು ಮೊಳೆ ಇತ್ತು, ಅದಕ್ಕೆ ಏನೂ ತೂಗುಬಿಟ್ಟಿರಲಿಲ್ಲ. ಅಲ್ಲಪ್ಪನ ಫೋಟೋ ಎಲ್ಲಿಯೂ ಕಾಣಲಿಲ್ಲ. ಅವಳು ತಂಬಿಗೆಯಲ್ಲಿ ನೀರು ತಂದಿಟ್ಟು, ಪಡಸಾಲೆಯ ಕಂಬದ ಬುಡದಲ್ಲಿ ಸೆರಗು ಹೊದ್ದು ಕುಳಿತಳು. ಅವನು ಕಿಸೆಯಿಂದ ಅರ್ಜಿ ತೆಗೆದ. ಓದತೊಡಗಿದ: “ಸದರಿ ದಿನಾಂಕದಂದು ಕರ್ತವ್ಯದ ಮೇಲಿದ್ದ ನಾನು...”

“ಅದೇನು ಹೇಳತೈತಿ ನಂಗ ತಿಳಿಯಾಂಗಿಲ್ರಿ,” ಎಂದಳು ಕಾಶೆವ್ವ. “ಬಾಯಿಲೇ ಹೇಳ್ರಿ.”

ಓಂಕಾರ ಕಾಗದ ಮಡಚಿದ.

“ಆ ಫೋನ್ ಅವರದಲ್ರಿ ಅಕ್ಕಾರ.”

ಅವಳು ಅವನನ್ನೇ ನೋಡಿದಳು. ಅವನು ಉಳಿದದ್ದನ್ನು ಹೇಳಿದ. ಯಾವುದನ್ನೂ ಸಣ್ಣದು ಮಾಡಲಿಲ್ಲ. ತಾನು ಕೇಳಬೇಕಿತ್ತು, ಕೇಳಲಿಲ್ಲ. ಬರೆಯಬಾರದಿತ್ತು, ಬರೆದೆ. ಆಮೇಲೆ ಗೊತ್ತಾಯಿತು, ಬಾಯಿ ಮುಚ್ಚಿಕೊಂಡೆ. ಅವರು ಲೈನ್ ವಾಪಸ್ ಕೊಟ್ಟೇ ಇರಲಿಲ್ಲ. ಮತ್ತೊಮ್ಮೆ ಕಂಬ ಏರಲಿಲ್ಲ. ಏರಿದವರು ಇನ್ನೂ ಇಳಿದೇ ಇರಲಿಲ್ಲ.

ಹಿತ್ತಲಲ್ಲಿ ಎಮ್ಮೆಯೊಂದು ಸರಪಳಿ ಅಲುಗಿಸುತ್ತಿತ್ತು. ಕಾಶೆವ್ವ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ತಲೆ ಎತ್ತಿದಾಗ ಅವಳ ಕಣ್ಣು ಒಣಗಿದ್ದವು.

“ಹದಿನಾಕು ತಿಂಗಳು,” ಎಂದಳು. “ಹದಿನಾಕು ತಿಂಗಳು ನಾ ಅವರನ್ನ ಬೈಕೋತ ಕುಂತೇನಿ. ಕೆಲಸಾ ಮುಗದಿತ್ತಲ್ಲೋ, ಮತ್ಯಾಕ ಏರಿದಿ ಅಂತ. ನನ್ನ ಮ್ಯಾಲಿನ ಸಿಟ್ಟಿಗೆ ಏರಿದಿ ಅಂತ. ಫೋಟೋ ಟ್ರಂಕಿನಾಗ ಹಾಕಿಟ್ಟೇನಿ. ಮಾರಿ ನೋಡಾಕ ಆಗವಲ್ದಾಗಿತ್ತು.” ದನಿ ಏರಿತು. “ನೀವು ಹೊಟ್ಟಿತುಂಬ ಉಂಡ್ರೇನ್ರಿ ಇಷ್ಟು ದಿನಾ? ಫೋನ್ ಬಂದಾಗ ನಿಮಗ ಏನೂ ಅನಸಲಿಲ್ಲೇನು?”

ಅವನು ತಲೆ ತಗ್ಗಿಸಿ ಕುಳಿತ. ಅವಳೇ ಮತ್ತೆ ಕೇಳಿದಳು, ಈ ಸಲ ಮೆಲ್ಲಗೆ: “ಹಂಗಾರ ಅವರು ಕಡೀಕ ನಿಮ್ಮ ಕೂಡ ಮಾತಾಡಲಿಲ್ಲ?”

“ಮಾತಾಡಿದ್ರು ರಿ. ಮುಂಜಾನೆ. ಲೈನ್ ಬಂದ್ ಮಾಡ್ರಿ ಅಂದಾಗ.”

ಹೇಳುತ್ತಿದ್ದಂತೆಯೇ ಅವನ ಕಿವಿಗೆ ಆ ಕರೆ ಬಂತು. ಅದು ಅಲ್ಲಪ್ಪನದೇ ದನಿ, ಅಲ್ಲಪ್ಪನದೇ ಮಾತು. ಇಷ್ಟು ದಿನ ಆ ಇನ್ನೊಂದು ಮಾತಿನ ಅಡಿಯಲ್ಲಿ ಅದು ಮುಚ್ಚಿಹೋಗಿತ್ತು. ಓಂಕಾರ ಬೆನ್ನು ನೆಟ್ಟಗೆ ಮಾಡಿ ಕುಳಿತ.

“ಲಗೂನ ಬಂದ್ ಮಾಡ್ರಿ ಸರ ಅಂದ್ರು. ಹೊಟ್ಟಿ ಹಸದೈತಿ, ರೊಟ್ಟಿ ಬಿಟ್ಟು ಬಂದೇನಿ, ಮುಗಿಸಿ ಮನಿಗೆ ಹೋಗಿ ಉಣಬೇಕು ಅಂದ್ರು.”

ಕಾಶೆವ್ವನ ಬೆರಳು ನೆಲದ ಮೇಲೆ ನಿಂತಿತು.

“ಖರೇನ ಅಂದ್ರೇನ್ರಿ? ಇಲ್ಲಾ ನನ್ನ ಸಮಾಧಾನಕ್ಕ ಹೇಳಾಕತ್ತೀರಿ?”

“ಖರೇನ ಅಂದ್ರು ಅಕ್ಕಾರ.”

“ನಿಮ್ಮ ಪುಸ್ತಕದಾಗ ಬರದೈತೇನು ಅದು?”

“ಇಲ್ರಿ.”

ಅವಳು ಅವನ ಮುಖವನ್ನು ಹುಡುಕಿದಳು, ಕಾಳಿನಲ್ಲಿ ಕಲ್ಲು ಹುಡುಕುವವಳಂತೆ. ಅವನು ಕಣ್ಣು ತಪ್ಪಿಸಲಿಲ್ಲ. ಆದರೆ ನಂಬಿಸುವ ದಾರಿ ಯಾವುದೂ ಅವನ ಕೈಯಲ್ಲಿ ಉಳಿದಿರಲಿಲ್ಲ. ಒಮ್ಮೆ ಸುಳ್ಳು ಬರೆದ ಕೈ ಅದು. ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಏಳ್ರಿ. ನಮ್ಮ ಮಾವ ಹೊಲದಾಗ ಅದಾರ. ಮಗ ಎಚ್ಚರಗೇಡಿ ಇದ್ದ ಅಂತ ಯಾರೋ ಅಂದಾಗಿಂದ ಅವರು ಊರಾಗ ಕಟ್ಟಿ ಮ್ಯಾಲ ಹೋಗಿ ಕುಂತಿಲ್ಲ. ಅವರ ಮುಂದ ಹೇಳ್ರಿ.”

“ಹೇಳತೇನ್ರಿ.”

“ಫೋನಿಂದು ಹೇಳ್ರಿ, ಪುಸ್ತಕದ್ದು ಹೇಳ್ರಿ.” ಹೊಸ್ತಿಲು ದಾಟುವಾಗ ಅವಳು ತಿರುಗದೆಯೇ ಅಂದಳು: “ಆ ರೊಟ್ಟಿ ಮಾತು ಬ್ಯಾಡ. ಖರೆ ಇರಲಿ, ಸುಳ್ಳ ಇರಲಿ, ಅದು ನನ್ನ ಹತ್ರನ ಇರಲಿ.”

ಊರು ಮುಗಿದು ಕಾಲುದಾರಿ ಶುರುವಾಯಿತು. ಎರಡೂ ಕಡೆ ಕಬ್ಬು ಆಳೆತ್ತರ ನಿಂತಿತ್ತು. ಕಾಶೆವ್ವ ಮುಂದೆ, ಓಂಕಾರ ನಾಲ್ಕು ಹೆಜ್ಜೆ ಹಿಂದೆ. ದೂರದಲ್ಲಿ ಎಲ್ಲಿಯೋ ಪಂಪಿನ ಸದ್ದು ಒಂದೇ ಸಮ ಕೇಳುತ್ತಿತ್ತು. ದಾರಿ ತಿರುಗಿದಲ್ಲಿ ಕಬ್ಬು ಮುಗಿದು ಮೆಣಸಿನ ಗಿಡಗಳ ಬಯಲು ಕಂಡಿತು. ಅದರ ನಡುವೆ ಅಲ್ಲಪ್ಪನ ಅಪ್ಪ, ಮುದುಕ ಸೋಮಪ್ಪ, ಧೋತರ ಮೇಲೆ ಕಟ್ಟಿ ನೀರು ಹಾಯಿಸುತ್ತಿದ್ದ.

“ಮಾವಾ,” ಎಂದು ಕಾಶೆವ್ವ ಕೂಗಿದಳು.

ಅವನು ಸಲಿಕೆ ಊರಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಸೊಸೆಯನ್ನು ಗುರುತಿಸಿದ. ಹಿಂದೆ ಬರುತ್ತಿದ್ದವನು ಯಾರೆಂದು ತಿಳಿಯದೆ ನೋಡುತ್ತಲೇ ಇದ್ದ. ನೀರು ಅವನ ಕಾಲ ಬಳಿಯ ಒಡ್ಡು ಒಡೆದು, ಆಗಲೇ ತುಂಬಿದ್ದ ಸಾಲಿಗೆ ಮತ್ತೆ ನುಗ್ಗುತ್ತಿತ್ತು. ಅವನು ಬಾಗಿ ಅದನ್ನು ಕಟ್ಟಲಿಲ್ಲ.